ಗರ ಬಡಿದಂತೆ ನಿಲ್ಲುವ ವರ್ಕ್‌ಸ್ಟೇಷನ್‌ಗಳು: ಎನ್‌ಎಫ್‌ಎಸ್ಸನ್ನು ಬಯ್ಯುವ ಮುನ್ನ

ಪ್ರಶ್ನೆ: ಮಂಡ್ಯದ ನೂರಡಿ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಸರ್ವೆ ಕಚೇರಿ ಇದೆ. ನಾಲೆ, ಜಮೀನು, ಲೇಔಟುಗಳ ನಕ್ಷೆ ಮಾಡಿಕೊಡುತ್ತೇವೆ. ಆರು ಲಿನಕ್ಸ್ ವರ್ಕ್‌ಸ್ಟೇಷನ್, ಹಳೇ ಡೆಬಿಯನ್ ಲಿನಕ್ಸ್ ಇರುವ ಒಂದು ಸರ್ವರ್, ನಡುವೆ ಗಿಗಾಬಿಟ್ ಸ್ವಿಚ್. ಡ್ರೋನ್ ಚಿತ್ರ, ನಕ್ಷೆ ಎಲ್ಲವೂ ಸರ್ವರಿಗೆ ಯುಎಸ್‌ಬಿಯಲ್ಲಿ ಚುಚ್ಚಿರುವ ಹಾರ್ಡ್‌ಡಿಸ್ಕಿನಲ್ಲಿವೆ. ಅದನ್ನೇ ಎನ್‌ಎಫ್‌ಎಸ್‌ನಲ್ಲಿ (ಒಂದು ಕಂಪ್ಯೂಟರಿನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಉಳಿದವಕ್ಕೆ ತೋರಿಸುವ ವ್ಯವಸ್ಥೆ) ಹಂಚಿದ್ದೇವೆ. ದಿನಕ್ಕೆ ಎರಡು ಮೂರು ಸಲ ಆರೂ ಸಿಸ್ಟಂ ಒಟ್ಟಿಗೇ ಗರ ಬಡಿದಂತೆ ನಿಲ್ಲುತ್ತವೆ, ಒಂದೆರಡು ನಿಮಿಷ ಬಿಟ್ಟು ತಾವಾಗೇ ಸರಿಹೋಗುತ್ತವೆ. ಪರಿಚಯದವರೊಬ್ಬರು, ಹಂಚಿದ ಫೋಲ್ಡರನ್ನು ಸಿಸ್ಟಂಗೆ ಜೋಡಿಸುವಾಗ (ಮೌಂಟ್) ‘ಸಾಫ್ಟ್ ಮೌಂಟ್ ಮಾಡಿ, ಟೈಮೋ 5 ಕೊಡಿ’ ಅಂದರು. ಹಾಕಿದ ಮೇಲೆ ನಿಲ್ಲುವುದು ಕಡಿಮೆಯಾಯಿತು. ಆದರೆ ಎರಡು ಜಿಯೋಪ್ಯಾಕೇಜ್ (ನಕ್ಷೆಯ ಡೇಟಾ) ಫೈಲು ಹಾಳಾದವು. ಕಿಟಕಿ ಪಕ್ಕದ ಸಿಸ್ಟಂನಲ್ಲಿ 4 ಜಿಬಿ ಫೈಲ್ ಕಾಪಿಯಾಗಲು ಆರು ನಿಮಿಷ ಬೇಕು, ಉಳಿದವುಗಳಲ್ಲಿ 40 ಸೆಕೆಂಡ್ ಸಾಕು. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಹಂಚಿದ ಫೋಲ್ಡರ್ ಪೂರ್ತಿ ಖಾಲಿ ಕಾಣಿಸಿ ಎದೆ ಧಸಕ್ಕೆಂದಿತು. ಸರ್ವರ್ ರೀಸ್ಟಾರ್ಟ್ ಮಾಡಿದರೆ ‘ಸ್ಟೇಲ್ ಫೈಲ್ ಹ್ಯಾಂಡಲ್’ ಅಂತ ಬಂತು. ಸರ್ವಿಸನ್ನು ಮೂರು ಸಲ ನಿಲ್ಲಿಸಿ ಶುರು ಮಾಡಿದರೂ ತಕ್ಷಣ ಕೆಲಸವಾಗಲಿಲ್ಲ. ತಲೆ ಮೊಸರುಗಡಿಗೆಯಾಗಿದೆ ಸಾರ್. ಎನ್‌ಎಫ್‌ಎಸ್ ಬಿಟ್ಟು, ವಿಂಡೋಸ್ ರೀತಿಯಲ್ಲಿ ಫೈಲ್ ಹಂಚುವ ಸಾಂಬಾಗೆ ಹೋಗೋಣವೇ? ಫೈಲ್ ಹಂಚಲೆಂದೇ ಮಾಡಿದ ಹೊಸ ನಾಸ್ ಪೆಟ್ಟಿಗೆ ಕೊಳ್ಳೋಣವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೇ ಕಾಯಿಲೆ ಅಂದುಕೊಂಡು ಬರೆದಿದ್ದೀರಿ. ನನಗೆ ಕಡಿಮೆಯೆಂದರೂ ನಾಲ್ಕು ಕಾಣುತ್ತಿವೆ. ಎಲ್ಲದಕ್ಕೂ ಎನ್‌ಎಫ್‌ಎಸ್ ಅನ್ನುವ ಒಂದೇ ಹೆಸರು ಅಂಟಿಕೊಂಡಿದೆ, ಅಷ್ಟೆ. ಒಂದೊಂದಾಗಿ ಬಿಡಿಸೋಣ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ: ಇವತ್ತು ಸಂಜೆ ಬಾಗಿಲು ಹಾಕುವ ಮುಂಚೆ ಆರೂ ಸಿಸ್ಟಂಗಳ ಎಫ್‌ಎಸ್‌ಟ್ಯಾಬ್ (ಯಾವ ಡಿಸ್ಕು ಎಲ್ಲಿ ಕೂರಬೇಕೆಂದು ಬರೆದಿರುವ ಫೈಲ್) ಸಾಲಿನಿಂದ ‘ಸಾಫ್ಟ್’ ಮತ್ತು ‘ಟೈಮೋ 5’ ಎರಡನ್ನೂ ತೆಗೆದು, ರೀಬೂಟ್ ಮಾಡಿ. ಉಳಿದದ್ದು ನಾಳೆಯಾದರೂ ನಡೆಯುತ್ತದೆ.

ಯಾಕೆಂದರೆ, ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಎನ್‌ಎಫ್‌ಎಸ್ ರೂಪಿಸಿದಾಗ ಒಂದು ವಿಚಿತ್ರ ನಿರ್ಧಾರ ಮಾಡಿತ್ತು. ಯಾರು ಯಾವ ಫೈಲ್ ತೆರೆದಿದ್ದಾರೆ ಅನ್ನುವ ಲೆಕ್ಕವನ್ನು ಸರ್ವರ್ ಇಟ್ಟುಕೊಳ್ಳುವುದೇ ಬೇಡ. ಕೇಳುವವನೇ ಪ್ರತಿ ಸಲವೂ ಪೂರ್ತಿ ಗುರುತು ಹೇಳಿ ಕೇಳಲಿ, ಉತ್ತರ ಬಾರದಿದ್ದರೆ ಮತ್ತೆ ಕೇಳಲಿ. ಹೀಗಾಗಿ ಸರ್ವರ್ ಬಿದ್ದು ಎದ್ದರೂ ಕ್ಲೈಂಟಿನಲ್ಲಿ (ಕೇಳುವ ಸಿಸ್ಟಂನಲ್ಲಿ) ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಈಗಿನ ನಾಲ್ಕನೇ ಆವೃತ್ತಿ ಸ್ವಲ್ಪ ಲೆಕ್ಕ ಇಟ್ಟುಕೊಳ್ಳುತ್ತದೆ, ಆದರೂ ಕಾಯುವ ಗುಣ ಹಾಗೇ ಉಳಿದಿದೆ. ನೀವು ಹ್ಯಾಂಗ್ ಅನ್ನುತ್ತಿರುವುದು ಈ ಕಾಯುವುದನ್ನೇ.

ಬೆಳಿಗ್ಗೆ ಡೇರಿ ಬಾಗಿಲು ತೆರೆದಿಲ್ಲ ಅಂದುಕೊಳ್ಳಿ. ‘ಹಾರ್ಡ್’ ಮೌಂಟ್ ಅಂದರೆ ಹಾಲಿನ ಕ್ಯಾನು ಹಿಡಿದು ಬಾಗಿಲು ತೆರೆಯುವವರೆಗೂ ಜಗಲಿಯಲ್ಲಿ ಕೂರುವ ಮನುಷ್ಯ. ‘ಸಾಫ್ಟ್’ ಅಂದರೆ ನಾಲ್ಕು ಸಲ ಬಾಗಿಲು ಬಡಿದು, ಹಾಲನ್ನು ಚರಂಡಿಗೆ ಸುರಿದು ವಾಪಸ್ ಬರುವವನು. ‘ಸುರಿದುಬಿಟ್ಟೆ’ ಅಂತ ಅವನು ಹೇಳುತ್ತಾನೆ ನಿಜ, ಆದರೆ ಮನೆಯಲ್ಲಿ ಕೇಳಿಸಿಕೊಳ್ಳುವವರು ಇರಬೇಕಲ್ಲ. ನೀವು ಸೇವ್ ಒತ್ತಿದಾಗ ಡೇಟಾ ಮೊದಲು ನಿಮ್ಮ ಸಿಸ್ಟಂನ ಮೆಮೊರಿಗೆ ಹೋಗುತ್ತದೆ, ಸರ್ವರಿಗೆ ಹೋಗುವುದು ಆಮೇಲೆ. ಆಮೇಲೆ ಬರುವ ದೋಷವನ್ನು ಫೈಲ್ ಮುಚ್ಚುವಾಗ ವಿಚಾರಿಸದ ಪ್ರೋಗ್ರಾಂಗಳು ಬೇಕಾದಷ್ಟಿವೆ. ಫೈಲು ಅರ್ಧಕ್ಕೆ ನಿಂತಿರುತ್ತದೆ, ಪರದೆಯ ಮೇಲೆ ಮಾತ್ರ ಎಲ್ಲ ಸರಿ ಇರುತ್ತದೆ.

ಉತ್ತರಕ್ಕೆ ಎಷ್ಟು ಹೊತ್ತು ಕಾದು ಮತ್ತೆ ಕೇಳಬೇಕು ಅನ್ನುವ ಟೈಮೋ ಬಗ್ಗೆಯೂ ಒಂದು ಮಾತು. ಅದರ ಅಳತೆ ಸೆಕೆಂಡ್ ಅಲ್ಲ, ಸೆಕೆಂಡಿನ ಹತ್ತನೇ ಒಂದು ಭಾಗ. ನೀವು ಹಾಕಿದ 5 ಅಂದರೆ ಅರ್ಧ ಸೆಕೆಂಡ್. ಟಿಸಿಪಿಯಲ್ಲಿ (ಕಳೆದ ಪ್ಯಾಕೆಟ್ಟನ್ನು ತಾನೇ ಮತ್ತೆ ಕಳಿಸುವ ಸಾಗಣೆ ವಿಧಾನ) ಮೊದಲೇ ಇರುವ 600 ಅಂದರೆ ಒಂದು ನಿಮಿಷ. ಎಷ್ಟೋ ವರ್ಷದ ಅನುಭವ ಇರುವವರೂ ಇಲ್ಲಿ ಎಡವಿದ್ದನ್ನು ನೋಡಿದ್ದೇನೆ, ನಿಮ್ಮ ಪರಿಚಯದವರ ಮೇಲೆ ಬೇಸರ ಬೇಡ.

ಇನ್ನು ನಿಲ್ಲುವ ವಿಷಯ. ‘ಆರೂ ಸಿಸ್ಟಂ ಒಟ್ಟಿಗೇ’ ಅಂತ ಬರೆದಿದ್ದೀರಲ್ಲ, ಪತ್ರದಲ್ಲಿ ನನಗೆ ಹೆಚ್ಚು ಬೆಲೆಬಾಳುವ ಮಾತು ಅದು. ಒಂದೇ ಸಿಸ್ಟಂ ನಿಂತರೆ ಅದರ ಕೇಬಲ್ಲನ್ನೋ ಕಾರ್ಡನ್ನೋ ಅನುಮಾನಿಸಬಹುದು. ಎಲ್ಲವೂ ಒಟ್ಟಿಗೆ ನಿಂತರೆ ತಪ್ಪು ಎಲ್ಲರಿಗೂ ಸೇರಿದ ಜಾಗದಲ್ಲಿದೆ: ಸ್ವಿಚ್, ಸರ್ವರ್ ಅಥವಾ ಡಿಸ್ಕ್. ಮುಂದಿನ ಸಲ ನಿಂತು ಸರಿಹೋದ ಕೂಡಲೇ ಯಾವುದಾದರೂ ಎರಡು ವರ್ಕ್‌ಸ್ಟೇಷನ್‌ಗಳಲ್ಲಿ ಕರ್ನಲ್ ಲಾಗ್ (ಲಿನಕ್ಸ್ ಒಳಭಾಗದ ದಿನಚರಿ) ತೆಗೆಯಿರಿ. ಡಿಮೆಸೇಜ್ ಕಮಾಂಡಿಗೆ ದೊಡ್ಡಕ್ಷರದ ಟಿ ಸೇರಿಸಿದರೆ ಗಂಟೆ ನಿಮಿಷವೂ ಕಾಣುತ್ತದೆ. ‘ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಅನ್ನುವ ಸಾಲು ಸಾಮಾನ್ಯವಾಗಿ ಇರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ‘ಲಿಂಕ್ ಈಸ್ ಡೌನ್’ ಅಂತ ಇದೆಯಾ ನೋಡಿ. ಎರಡೂ ಸಿಸ್ಟಂಗಳಲ್ಲಿ ಒಂದೇ ಕ್ಷಣಕ್ಕೆ ಲಿಂಕ್ ಬಿದ್ದಿದ್ದರೆ ಸ್ವಿಚ್ಚೇ ಆರಿ ಹೊತ್ತಿಕೊಂಡಿದೆ ಅಂತ ಅರ್ಥ. ಲಿಂಕ್ ಅಲುಗದೆ ಬರೀ ಸರ್ವರ್ ಮಾತಾಡುತ್ತಿಲ್ಲ ಅಂತಿದ್ದರೆ ಸರ್ವರಿನ ಕಡೆ ಹೋಗಬೇಕು.

ಇಲ್ಲಿ ನನ್ನದೇ ಒಂದು ಪಾಡು ಹೇಳಿಬಿಡುತ್ತೇನೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಡಿಸೈನ್ ಕಚೇರಿ. ಅಲ್ಲೂ ನಿಮ್ಮಂತೆಯೇ ಎಲ್ಲವೂ ಒಟ್ಟಿಗೆ ನಿಲ್ಲುತ್ತಿದ್ದವು. ನಾನು ಎರಡು ದಿನ ಸರ್ವರಿನ ಮುಂದೆ ಕೂತು ಥ್ರೆಡ್ (ಕೋರಿಕೆಗಳಿಗೆ ಉತ್ತರಿಸುವ ಕೆಲಸಗಾರರು) ಹೆಚ್ಚಿಸಿದೆ, ಬಫರ್ ಬದಲಿಸಿದೆ, ದೊಡ್ಡ ಪಂಡಿತನ ಹಾಗೆ. ಮೂರನೇ ದಿನ ಲಾಗಿನ ಸಮಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. 11:04, 4:09, 11:06, 4:11. ಆಫೀಸ್ ಹುಡುಗನ ಕಡೆ ತಿರುಗಿ ನೋಡಿದರೆ ಅವನು ಕಾಫಿಗೆ ಇಂಡಕ್ಷನ್ ಒಲೆ ಹಚ್ಚುತ್ತಿದ್ದ. ಒಲೆಯ ಪ್ಲಗ್ಗೂ ಸ್ವಿಚ್ಚಿನ ಅಡಾಪ್ಟರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು. ಒಲೆ ಹೊತ್ತಿದ ಕ್ಷಣ ವೋಲ್ಟೇಜ್ ಕುಸಿದು ಸ್ವಿಚ್ ರೀಸ್ಟಾರ್ಟ್ ಆಗುತ್ತಿತ್ತು. ಅದು ಎದ್ದು ಬರಲು ಅರ್ಧ ನಿಮಿಷ. ಆದರೆ ಕ್ಲೈಂಟುಗಳು ಮತ್ತೆ ಕೇಳುವ ಅಂತರವನ್ನು ಸಲಸಲಕ್ಕೂ ಹೆಚ್ಚಿಸುತ್ತ ಹೋಗುವುದರಿಂದ ಜನರಿಗೆ ಒಂದೆರಡು ನಿಮಿಷ ನಿಂತ ಹಾಗೆ ಅನಿಸುತ್ತಿತ್ತು. ಒಲೆಯನ್ನು ಬೇರೆ ಗೋಡೆಗೆ ಹಾಕಿಸಿದೆ. ಬಿಲ್ಲಿನಲ್ಲಿ ಏನಂತ ಬರೆಯುವುದು ಅಂತ ಗೊತ್ತಾಗದೆ ‘ನೆಟ್‌ವರ್ಕ್ ದುರಸ್ತಿ’ ಅಂತ ಬರೆದೆ.

ನಿಮ್ಮಲ್ಲೂ ಒಲೆಯೇ ಇರಬೇಕೆಂದಿಲ್ಲ. ಆದರೆ ಸರ್ವರಿಗೆ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೇ ಬಿಟ್ಟ ಕಚೇರಿಗಳು ಲೆಕ್ಕವಿಲ್ಲದಷ್ಟಿವೆ. ಮೊದಲು ಅದನ್ನು ನೋಡಿ. ಸ್ವಿಚ್ ತಿನ್ನುವ ಕರೆಂಟು ತೀರಾ ಕಡಿಮೆ, ಸರ್ವರಿಗೆ ಯುಪಿಎಸ್ ಇದ್ದರೆ ಅದು ಸ್ವಿಚ್ಚನ್ನೂ ಹೊರುತ್ತದೆ.

ಲಿಂಕ್ ಬಿದ್ದಿಲ್ಲ ಅಂತಾದರೆ ನನ್ನ ಅನುಮಾನ ನೇರವಾಗಿ ಆ ಯುಎಸ್‌ಬಿ ಡಿಸ್ಕಿನ ಮೇಲೆ. ಸರ್ವರಿನ ಲಾಗಿನಲ್ಲಿ ಯುಎಸ್‌ಬಿ ರೀಸೆಟ್, ಐಓ ಎರರ್, ಅಥವಾ ಯಾವುದೋ ಟಾಸ್ಕ್ 120 ಸೆಕೆಂಡಿಗೂ ಹೆಚ್ಚು ಕಾಲ ಬ್ಲಾಕ್ ಆಗಿದೆ ಅನ್ನುವ ಸಾಲುಗಳಿದ್ದರೆ ಡಿಸ್ಕೋ, ಅದರ ಯುಎಸ್‌ಬಿ ಪೆಟ್ಟಿಗೆಯೋ, ಕೇಬಲ್ಲೋ ಸೋಲುತ್ತಿದೆ. ಡಿಸ್ಕ್ ಒಂದು ಸೆಕ್ಟರನ್ನು ಓದಲು ತಿಣುಕುತ್ತಿರುವಾಗ ಎನ್‌ಎಫ್‌ಎಸ್ ಥ್ರೆಡ್ಡುಗಳು ಒಂದರ ಹಿಂದೊಂದು ಅದರ ಬಾಗಿಲಲ್ಲಿ ನಿಲ್ಲುತ್ತವೆ. ಹಳೇ ಡೆಬಿಯನ್‌ನಲ್ಲಿ ಆ ಥ್ರೆಡ್ಡುಗಳು ಇರುವುದೇ ಎಂಟು. ಎಂಟೂ ಸಿಕ್ಕಿಕೊಂಡರೆ, ಡಿಸ್ಕಿಗೆ ಸಂಬಂಧವೇ ಇಲ್ಲದ ಸಣ್ಣ ಕೋರಿಕೆಯೂ ಸಾಲಿನಲ್ಲಿ ಕಾಯಬೇಕು. ‘ಥ್ರೆಡ್ 32ಕ್ಕೆ ಏರಿಸಿ’ ಅಂತ ಯಾರಾದರೂ ಹೇಳಿಯಾರು. ಏರಿಸಿದರೆ ನಷ್ಟವಿಲ್ಲ, ಆದರೆ ಟಿಕೆಟ್ ಕೌಂಟರ್ ಹೆಚ್ಚಿಸಿದ ಮಾತ್ರಕ್ಕೆ ಬಸ್ಸು ಹೆಚ್ಚುವುದಿಲ್ಲ. ಸ್ಮಾರ್ಟ್‌ಸಿಟಿಎಲ್ ಕಮಾಂಡಿನಿಂದ ಡಿಸ್ಕಿನ ಆರೋಗ್ಯ ನೋಡಿ. ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರುಗಳ (ಡಿಸ್ಕಿನಲ್ಲಿ ಕೆಟ್ಟ, ಕೆಡುತ್ತಿರುವ ತುಣುಕುಗಳ) ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಇನ್ನು ತಡಮಾಡಬೇಡಿ. ಆರು ಜನರ ಅನ್ನ ಇರುವ ಡಿಸ್ಕು ಹೊರಗೆ ನೇತಾಡಿಕೊಂಡಿರಬಾರದು. ಕ್ಯಾಬಿನೆಟ್ಟಿನ ಒಳಗೆ ಸಾಟಾ ಕೇಬಲ್ಲಿಗೆ ಹೊಸ ಡಿಸ್ಕ್ ಹಾಕಿ, ಹಳೆಯದನ್ನು ಬ್ಯಾಕಪ್ಪಿಗೂ ನೆಚ್ಚಬೇಡಿ.

ಕಿಟಕಿ ಪಕ್ಕದ ಸಿಸ್ಟಂಗೆ ಉತ್ತರವನ್ನು ನೀವೇ ಬರೆದು ಕಳಿಸಿದ್ದೀರಿ. ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಹರಿಯುತ್ತದೆ. 4 ಜಿಬಿಗೆ 40 ಸೆಕೆಂಡಿನ ಹತ್ತಿರ. 100 ಮೆಗಾಬಿಟ್ ಆದರೆ ಸೆಕೆಂಡಿಗೆ 11 ಮೆಗಾಬೈಟ್, ಆರು ನಿಮಿಷ. ಲೆಕ್ಕ ಕರಾರುವಾಕ್ಕಾಗಿ ಕೂತಿದೆ. ಈಥ್‌ಟೂಲ್ ಕಮಾಂಡ್ ಹಾಕಿ ನೋಡಿ, ಸ್ಪೀಡ್ 100 ಅಂತಲೇ ತೋರಿಸುತ್ತದೆ. 100ಕ್ಕೆ ಕೇಬಲ್ಲಿನ ಎರಡು ಜೋಡಿ ತಂತಿ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೀಲಿಯಲ್ಲೋ ಕಂದಿನಲ್ಲೋ ಒಂದೇ ಒಂದು ಎಳೆ ತುಂಡಾದರೆ ಸಾಮಾನ್ಯವಾಗಿ ಕಾರ್ಡು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಕೇಬಲ್ಲನ್ನು ಕಿಟಕಿಯ ಸಂದಿಯಲ್ಲಿ ಎಳೆದಿದ್ದೀರಾ? ಅದರ ಮೇಲೆ ಬಾಗಿಲು ಮುಚ್ಚಿ ಮುಚ್ಚಿ ಒಳಗೆ ನಲುಗಿರುತ್ತದೆ, ಹೊರಗಿನ ಸಿಪ್ಪೆ ಮಾತ್ರ ಚೆನ್ನಾಗಿರುತ್ತದೆ. ತುದಿಯ ಪ್ಲಗ್ ಹೊಸದಾಗಿ ಕ್ರಿಂಪ್ ಮಾಡಿಸಿ ನೋಡಿ; ಬಗೆಹರಿಯದಿದ್ದರೆ ಹೊಸ ಕೇಬಲ್ ಎಳೆಸಿ. ಕೆಲವರು ಇಂಥ ಕಡೆ ಸ್ಪೀಡನ್ನು ಕೈಯಾರೆ ಫಿಕ್ಸ್ ಮಾಡಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಒಂದು ತುದಿ ಫಿಕ್ಸ್, ಇನ್ನೊಂದು ಆಟೋ ಆದರೆ ಒಂದು ಕಡೆ ಫುಲ್ ಡ್ಯೂಪ್ಲೆಕ್ಸ್ (ಕಳಿಸುವುದು, ಪಡೆಯುವುದು ಒಟ್ಟಿಗೇ), ಇನ್ನೊಂದು ಕಡೆ ಹಾಫ್ (ಒಂದು ಸಲಕ್ಕೆ ಒಂದೇ) ಆಗಿ ಕೂರುತ್ತದೆ. ಪಿಂಗ್ ಚೆನ್ನಾಗೇ ಬರುತ್ತದೆ, ದೊಡ್ಡ ಫೈಲ್ ಮಾತ್ರ ಕುಂಟುತ್ತದೆ. ಅದನ್ನು ಹುಡುಕುವುದು ಇನ್ನೂ ದೊಡ್ಡ ತಲೆನೋವು.

ಖಾಲಿ ಫೋಲ್ಡರಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಿ, ಇದರಲ್ಲಿ ನಿಜವಾದ ಅಪಾಯವಿದೆ. ಕರೆಂಟ್ ಬಂದಾಗ ಸರ್ವರ್ ಎದ್ದಿತು, ಯುಎಸ್‌ಬಿ ಡಿಸ್ಕ್ ಎಚ್ಚರವಾಗುವುದು ತಡವಾಯಿತು. ಡಿಸ್ಕನ್ನು ಕೂರಿಸುವ ಫೋಲ್ಡರ್ ಖಾಲಿ ಇತ್ತು, ಎನ್‌ಎಫ್‌ಎಸ್ ಅದನ್ನೇ ಹಂಚಿಬಿಟ್ಟಿತು. ಪೆಟ್ಟಿಗೆ ಇನ್ನೂ ಬಂದಿರಲಿಲ್ಲ, ಪೆಟ್ಟಿಗೆ ಇಡುವ ಮಣೆಯನ್ನು ತೋರಿಸಿತು. ನೀವು ರೀಸ್ಟಾರ್ಟ್ ಮಾಡಿದಾಗ ಡಿಸ್ಕ್ ಬಂದು ಕೂತಿತು. ಅಷ್ಟರಲ್ಲಿ ವರ್ಕ್‌ಸ್ಟೇಷನ್‌ಗಳ ಕೈಯಲ್ಲಿದ್ದದ್ದು ಮಣೆಯ ಗುರುತು. ಸರ್ವರ್ ಅದನ್ನು ಒಪ್ಪಲಿಲ್ಲ. ‘ಸ್ಟೇಲ್ ಫೈಲ್ ಹ್ಯಾಂಡಲ್’ ಅಂದರೆ ಇಷ್ಟೇ: ನೀನು ಹೇಳುತ್ತಿರುವ ಗುರುತಿನ ಫೈಲ್ ಇಲ್ಲಿ ಇಲ್ಲ. ಡೇಟಾ ಹೋಯಿತು ಅಂತಲ್ಲ. ಕ್ಲೈಂಟಿನಲ್ಲಿ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೆ ಹೋಗುತ್ತದೆ.

ಇದು ಮತ್ತೆ ಆಗದಿರಲು ಸರ್ವರಿನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ (ಯಾವುದನ್ನು ಯಾರಿಗೆ ಹಂಚಬೇಕೆಂಬ ಪಟ್ಟಿ) ಆ ಸಾಲಿಗೆ ‘ಮೌಂಟ್‌ಪಾಯಿಂಟ್’ ಎಂಬ ಆಯ್ಕೆ ಸೇರಿಸಿ. ಡಿಸ್ಕ್ ನಿಜವಾಗಿ ಕೂತಿದ್ದರೆ ಮಾತ್ರ ಹಂಚು ಅನ್ನುವ ಸೂಚನೆ ಅದು. ಆ ಫೈಲಿಗೆ ಕೈ ಹಾಕಿದಾಗ ಇನ್ನೊಂದನ್ನೂ ಗಮನಿಸಿ: ಸಿಸ್ಟಂ ಹೆಸರಿಗೂ ಅದರ ಮುಂದಿನ ಬ್ರಾಕೆಟ್ಟಿಗೂ ನಡುವೆ ಜಾಗ ಬಿಡಬಾರದು. ಒಂದು ಸ್ಪೇಸ್ ಬಿದ್ದರೆ ಸಾಲಿನ ಅರ್ಥವೇ ತಿರುಗಿ, ನೀವು ಹೆಸರಿಸಿದ ಸಿಸ್ಟಂಗೆ ಓದಲು ಮಾತ್ರ, ಉಳಿದ ಲೋಕಕ್ಕೆಲ್ಲ ಬರೆಯಲೂ ಅನುಮತಿ ಅಂತಾಗುತ್ತದೆ. ತಮಾಷೆಯಲ್ಲ.

ಸರ್ವಿಸನ್ನು ಮೂರು ಸಲ ರೀಸ್ಟಾರ್ಟ್ ಮಾಡಿದೆ ಅಂದಿರಿ. ಸರ್ವರ್ ಎದ್ದ ಮೇಲೆ, ಮೊದಲು ಲಾಕ್ (ಈ ಫೈಲ್ ಸದ್ಯ ನನ್ನದು ಅನ್ನುವ ಹಿಡಿತ) ಹಿಡಿದಿದ್ದವರು ಬಂದು ತಮ್ಮ ಲಾಕ್ ಮರಳಿ ಪಡೆಯಲಿ ಅಂತ ಒಂದು ಗ್ರೇಸ್ ಅವಧಿ ಕೊಡುತ್ತದೆ. ನಾಲ್ಕನೇ ಆವೃತ್ತಿಯಲ್ಲಿ ಅದು ಸಾಮಾನ್ಯವಾಗಿ 90 ಸೆಕೆಂಡ್. ಅಷ್ಟು ಹೊತ್ತು ಹೊಸ ಲಾಕ್ ಕೊಡುವುದಿಲ್ಲ, ಫೈಲ್ ತೆರೆಯುವುದೂ ತಡೆಯುತ್ತದೆ. ಒಂದು ನಿಮಿಷ ಕಾದು, ಆಗಲಿಲ್ಲವೆಂದು ಮತ್ತೆ ರೀಸ್ಟಾರ್ಟ್ ಕೊಟ್ಟರೆ ಗಡಿಯಾರ ಸೊನ್ನೆಯಿಂದ ಶುರು. ನಾನೂ ಹೊಸದರಲ್ಲಿ ಇದನ್ನೇ ಮಾಡಿ ಅರ್ಧ ಗಂಟೆ ಕಳೆದವನು. ಒಮ್ಮೆ ಮಾಡಿ, ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ನಿಂತಿರುವಾಗ ಜಾಗ ಎಷ್ಟಿದೆ ಅಂತ ಡಿಎಫ್ ಕಮಾಂಡ್ ಹಾಕಿದರೆ ಅದೂ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಎಲ್ ಸೇರಿಸಿದರೆ ಲೋಕಲ್ ಡಿಸ್ಕುಗಳನ್ನು ಮಾತ್ರ ನೋಡುತ್ತದೆ.

ಜಿಯೋಪ್ಯಾಕೇಜ್ ಫೈಲುಗಳು ಹಾಳಾದದ್ದಕ್ಕೆ ಸಾಫ್ಟ್ ಮೌಂಟ್ ಒಂದನ್ನೇ ದೂರಲು ನಾನು ತಯಾರಿಲ್ಲ. ಜಿಯೋಪ್ಯಾಕೇಜ್ ಅಂದರೆ ಒಳಗೆ ಎಸ್‌ಕ್ಯೂಲೈಟ್ ಡೇಟಾಬೇಸ್. ನಕ್ಷೆಯ ಪ್ರೋಗ್ರಾಂ ಆದ ಕ್ಯೂಜಿಐಎಸ್ ಲೋಕಲ್ ಡಿಸ್ಕಿನಲ್ಲಿ ಅದನ್ನು, ಬದಲಾವಣೆಗಳನ್ನು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಬರೆಯುವ ವಾಲ್ ಎಂಬ ಕ್ರಮದಲ್ಲಿ ತೆರೆಯುತ್ತದೆ. ಈ ಕ್ರಮಕ್ಕೆ ಫೈಲ್ ಬಳಸುವ ಎಲ್ಲರೂ ಒಂದೇ ಕಂಪ್ಯೂಟರಿನ ಮೆಮೊರಿಯನ್ನು ಹಂಚಿಕೊಂಡಿರಬೇಕು. ನೆಟ್‌ವರ್ಕ್ ಫೈಲ್ ಸಿಸ್ಟಂ ಮೇಲೆ ಅದು ನಡೆಯುವುದಿಲ್ಲ, ಉಳಿದ ಕ್ರಮಗಳ ಫೈಲ್ ಲಾಕನ್ನೂ ಅಲ್ಲಿ ನೆಚ್ಚುವಂತಿಲ್ಲ ಅಂತ ಎಸ್‌ಕ್ಯೂಲೈಟ್ ಮಾಡಿದವರೇ ಬರೆದಿಟ್ಟಿದ್ದಾರೆ. ಇಬ್ಬರು ಎರಡು ಸಿಸ್ಟಂಗಳಿಂದ ಒಂದೇ ಫೈಲನ್ನು ತಿದ್ದಲು ಕೂತರೆ ಇವತ್ತಲ್ಲ ನಾಳೆ ಫೈಲು ಕೆಡುವ ಅಪಾಯವಿದೆ. ಎನ್‌ಎಫ್‌ಎಸ್ ಎಷ್ಟೇ ಸರಿಯಿದ್ದರೂ, ಸಾಂಬಾ ಹಾಕಿದರೂ ಇದು ತಪ್ಪದು. ಒಂದು ಫೈಲಿಗೆ ಒಬ್ಬರೇ ಅನ್ನುವ ಶಿಸ್ತು ಒಂದು ದಾರಿ. ಆರು ಜನ ಇರುವ ಕಡೆ ಆ ಶಿಸ್ತು ಹೆಚ್ಚು ದಿನ ಬಾಳುವುದಿಲ್ಲ. ಇನ್ನೊಂದು ದಾರಿ, ನಕ್ಷೆಯ ಡೇಟಾವನ್ನು ಸರ್ವರಿನಲ್ಲಿ ಪೋಸ್ಟ್‌ಜಿಐಎಸ್ ಎಂಬ, ಹಲವರು ಒಟ್ಟಿಗೆ ಬಳಸಬಹುದಾದ ಡೇಟಾಬೇಸಿಗೆ ಹಾಕುವುದು. ಕಲಿಯಲು ಒಂದು ವಾರ ಹಿಡಿಯುತ್ತದೆ, ಬ್ಯಾಕಪ್ ಕ್ರಮವೂ ಬದಲಾಗುತ್ತದೆ, ಆದರೆ ನಿಮ್ಮ ಕೆಲಸಕ್ಕೆ ತಕ್ಕದ್ದು ಅದೇ ಅನ್ನುವುದು ನನ್ನ ಅಭಿಪ್ರಾಯ.

ಈಗ ನೀವು ಕೇಳಿದ ಪ್ರಶ್ನೆಗಳು. ಸಾಂಬಾ ಕೆಟ್ಟದ್ದಲ್ಲ. ಕಚೇರಿಯಲ್ಲಿ ವಿಂಡೋಸ್ ಕೂಡ ಇದ್ದಿದ್ದರೆ ಅದನ್ನೇ ಹಾಕಿ ಅನ್ನುತ್ತಿದ್ದೆ. ಎಲ್ಲವೂ ಲಿನಕ್ಸ್ ಇರುವಾಗ ಫೈಲ್ ಮಾಲೀಕತ್ವ, ಅನುಮತಿ, ಸಿಮ್‌ಲಿಂಕುಗಳಲ್ಲಿ ಹೊಸ ತಕರಾರು ಹುಟ್ಟುತ್ತವೆ, ಮತ್ತು ಅದು ಓಡುವುದೂ ಅದೇ ಸ್ವಿಚ್, ಅದೇ ಕೇಬಲ್, ಅದೇ ಡಿಸ್ಕಿನ ಮೇಲೆ. ನಾಸ್ ಪೆಟ್ಟಿಗೆಗಳಲ್ಲಿ ಬಹುಪಾಲಿನ ಒಳಗಿರುವುದು ಲಿನಕ್ಸೇ, ಹಂಚುವುದು ಎನ್‌ಎಫ್‌ಎಸ್ ಇಲ್ಲವೇ ಸಾಂಬಾದಲ್ಲೇ. ಎರಡು ಡಿಸ್ಕಿನ ಭದ್ರತೆ, ಡಿಸ್ಕ್ ಸೋಲುವಾಗ ಕೂಗಿ ಹೇಳುವ ವ್ಯವಸ್ಥೆ ಬೇಕಾದರೆ ದುಡ್ಡು ಹಾಕಿ. ನಿಲ್ಲುವುದಕ್ಕೆ ಮದ್ದು ಅಂತ ಕೊಂಡರೆ ನಿರಾಸೆ ಆದೀತು.

ನನ್ನನ್ನು ಕೇಳಿದರೆ ಎನ್‌ಎಫ್‌ಎಸ್ಸನ್ನೇ ಉಳಿಸಿಕೊಂಡು ನಾಲ್ಕನೇ ಆವೃತ್ತಿ, ಟಿಸಿಪಿ, ಹಾರ್ಡ್ ಮೌಂಟ್ ಮಾಡಿ. ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ ಯುಡಿಪಿ (ಟಿಸಿಪಿಯ ಬದಲಿ ಸಾಗಣೆ ವಿಧಾನ) ಅಂತ ಇದ್ದರೆ ತೆಗೆಯಿರಿ: 8 ಕೆಬಿಯ ಒಂದು ತುಂಡು ಯುಡಿಪಿಯಲ್ಲಿ ಆರು ಪ್ಯಾಕೆಟ್ಟಾಗಿ ಒಡೆಯುತ್ತದೆ, ಒಂದು ಕಳೆದರೂ ಆರನ್ನೂ ಮತ್ತೆ ಕಳಿಸಬೇಕು. ‘ಇಂಟ್ರ್’ ಅಂತ ಇದ್ದರೆ ಅದನ್ನೂ ತೆಗೆಯಿರಿ, 2008ರ ಕರ್ನಲ್ ಆವೃತ್ತಿ 2.6.25ರಿಂದ ಅದಕ್ಕೆ ಬೆಲೆಯಿಲ್ಲ. ನಾಲ್ಕನೇ ಆವೃತ್ತಿಗೆ ಹೋದ ದಿನ ಎಲ್ಲ ಫೈಲುಗಳ ಮಾಲೀಕರ ಹೆಸರು ‘ನೋಬಡಿ’ ಅಂತ ಕಾಣಿಸಿದರೆ ಗಾಬರಿಯಾಗಬೇಡಿ. ಬಳಕೆದಾರರ ಹೆಸರು ಹೊಂದಿಸುವ ಐಡಿಮ್ಯಾಪ್ ಸಂರಚನೆಯಲ್ಲಿ ಡೊಮೈನ್ ಹೆಸರು ಎಲ್ಲ ಕಡೆ ಒಂದೇ ಇದೆಯೇ ನೋಡಿ. ಬೆಳಿಗ್ಗೆ ಸರ್ವರ್ ಏಳುವ ಮೊದಲೇ ವರ್ಕ್‌ಸ್ಟೇಷನ್ ಹಚ್ಚುವ ಅಭ್ಯಾಸವಿದ್ದರೆ ಆಟೋಮೌಂಟ್ (ಬೇಕಾದಾಗ ಮಾತ್ರ ಜೋಡಿಸುವುದು) ಹಾಕಿಕೊಳ್ಳಿ, ಬೂಟ್ ಆಗುವಾಗ ಸಿಕ್ಕಿಕೊಳ್ಳುವುದಿಲ್ಲ. ವೇಗಕ್ಕೆಂದು ಸರ್ವರಿನಲ್ಲಿ ‘ಅಸಿಂಕ್’ ಹಾಕಲು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಡಿಸ್ಕಿಗೆ ಬರೆಯುವ ಮೊದಲೇ ‘ಬರೆದಾಯಿತು’ ಅಂತ ಸುಳ್ಳು ಹೇಳುವ ಆಯ್ಕೆ ಅದು. ಕರೆಂಟ್ ಹೀಗೆ ಬಂದು ಹೋಗಿ ಮಾಡುವ ಕಡೆ ಆ ಸುಳ್ಳು ದುಬಾರಿ.

ಕೊನೆಗೆ ಆ ಎರಡು ಫೈಲು. ಮೂಲವನ್ನು ಮುಟ್ಟದೆ, ಪಕ್ಕದಲ್ಲಿ ಅದೇ ಹೆಸರಿನ ಕೊನೆಗೆ ವಾಲ್ ಅಥವಾ ಜರ್ನಲ್ ಅಂತಿರುವ ಫೈಲ್ ಇದ್ದರೆ ಅದನ್ನೂ ಸೇರಿಸಿ, ಒಂದು ಸಿಸ್ಟಂನ ಲೋಕಲ್ ಡಿಸ್ಕಿಗೆ ಕಾಪಿ ಮಾಡಿಕೊಂಡು ಅಲ್ಲಿ ತೆರೆದು ನೋಡಿ. ಎಸ್‌ಕ್ಯೂಲೈಟಿನ ರಿಕವರ್ ಕಮಾಂಡಿಗೆ ಎಷ್ಟು ದಕ್ಕುತ್ತದೋ ಅಷ್ಟು ಲಾಭ. ಇನ್ನೊಂದು ಜಾಗವನ್ನೂ ಹುಡುಕಿ. ಫೋಲ್ಡರ್ ಖಾಲಿ ಕಂಡ ದಿನ, ನೀವು ಸರ್ವರ್ ರೀಸ್ಟಾರ್ಟ್ ಮಾಡುವ ಮೊದಲು ನಿಮ್ಮ ಹುಡುಗರಲ್ಲಿ ಯಾರಾದರೂ ಏನಾದರೂ ಸೇವ್ ಮಾಡಿದ್ದರೆ ಅದು ಡಿಸ್ಕಿಗೆ ಹೋಗಿಲ್ಲ, ಮಣೆಯ ಮೇಲೇ ಉಳಿದಿದೆ. ಒಂದು ಭಾನುವಾರ ಎನ್‌ಎಫ್‌ಎಸ್ ನಿಲ್ಲಿಸಿ, ಯುಎಸ್‌ಬಿ ಡಿಸ್ಕನ್ನು ಅನ್‌ಮೌಂಟ್ ಮಾಡಿ, ಆ ಖಾಲಿ ಫೋಲ್ಡರಿನೊಳಗೆ ಒಮ್ಮೆ ಇಣುಕಿ ನೋಡಿ.